ಪಟ್ಟಿಯಮ್ಮ ಕೇಳದೆ ಬಿಟ್ಟ ಪ್ರಶ್ನೆ

ನಮ್ಮ ದೊಡ್ಡಮ್ಮನ ಬಲಗೈ ತೋರುಬೆರಳಿನ ಉಗುರಿನ ಸುತ್ತ ಒಂದು ಕಂದು ಗೆರೆ ಇತ್ತು. ಇತ್ತು ಎಂದೇ ಬರೆಯಬೇಕು. ಈಗ ಗೆರೆಯೂ ಇಲ್ಲ, ಉಗುರೂ ಇಲ್ಲ, ಆ ಬೆರಳಿನ ಎರಡು ಗೆಣ್ಣೂ ಇಲ್ಲ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಅಲ್ಲಿಂದಾಚೆ ಸಾಕಿದವಳು ಇವಳೇ. ತಗಡಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಅವಳು ಕೂರುತ್ತಿದ್ದದ್ದು ಯಂತ್ರದ ಮುಂದಲ್ಲ, ಯಂತ್ರ ಕಚ್ಚಿ ಕಳಿಸಿದವರ ಮುಂದೆ. ತಗಡು ಒತ್ತುವ ಪ್ರೆಸ್ಸುಗಳ ಸಾಲಿನ ಕೊನೆಗೆ, ಬಣ್ಣದ ಡ್ರಮ್ಮುಗಳ ಪಕ್ಕ, ಒಂದು ಮಂಚ, ಒಂದು ನಲ್ಲಿ, ಒಂದು ಕಬ್ಬಿಣದ ಬೀರು ಹಿಡಿಸುವಷ್ಟು ಜಾಗ. ಬಾಗಿಲ ಮೇಲೆ ಪ್ರಥಮ ಚಿಕಿತ್ಸೆ ಎಂದು ಬರೆದಿತ್ತು. ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅದು ಪಟ್ಟಿ ಕೋಣೆ, ಗಾಯಕ್ಕೆ ಪಟ್ಟಿ ಕಟ್ಟುವವಳು ಪಟ್ಟಿಯಮ್ಮ. ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಅವಳಿಗೆ ಬೇರೆ ಹೆಸರಿತ್ತು.

ಮೊದಲು ಸೇರಿದ್ದು ಕಸ ಗುಡಿಸಲು. ಆಗ ಆ ಕೋಣೆಯಲ್ಲಿದ್ದ ಮುದುಕ ಕಂಪೌಂಡರಿಗೆ ಕಣ್ಣು ಮಂಜಾಗಿತ್ತು. ಗಾಯದಲ್ಲಿ ಉಳಿದ ತಗಡಿನ ಚೂರು ಅವನಿಗೆ ಕಾಣುತ್ತಿರಲಿಲ್ಲ, ಪೊರಕೆ ಹಿಡಿದು ನಿಂತವಳಿಗೆ ಕಾಣುತ್ತಿತ್ತು. "ಅಲ್ಲಿದೆ ನೋಡಿ, ಅಲ್ಲಿ, ಎಡಕ್ಕೆ" ಎನ್ನುತ್ತ ಎನ್ನುತ್ತ ಅವಳೇ ಚಿಮಟ ಹಿಡಿದಳು. ಕಂಪೌಂಡರು ಹೋದ ಮೇಲೆ ಅವನು ಕೂರುತ್ತಿದ್ದ ಸ್ಟೂಲು ಅವಳದಾಯಿತು. ಮಂಗಳವಾರಕ್ಕೊಮ್ಮೆ ಬರುತ್ತಿದ್ದ ಕಾರ್ಖಾನೆಯ ಡಾಕ್ಟರು ಅವಳಿಗೆ ಕೆಲಸ ಕಲಿಸಿದರು.

ಕಲಿಸಿದ್ದರಲ್ಲಿ ಮುಖ್ಯವಾದದ್ದು ಒಂದು ಕಿಲೋ ಡಬ್ಬಿಯ ಕಂದು ಮುಲಾಮು. ಅಯೋಡಿನ್ ಬೆರೆಸಿದ್ದು. ಅದರ ರೀತಿ ರಿವಾಜು ದೊಡ್ಡಮ್ಮನಿಗೆ ಬಾಯಿಪಾಠ. ಮೊದಲು ಹರಿಯುವ ನೀರಲ್ಲಿ ಗಾಯ ತೊಳಿ. ಒತ್ತಿ ಒಣಗಿಸು, ಉಜ್ಜಬೇಡ. ಮುಲಾಮನ್ನು ಡಬ್ಬಿಯಿಂದ ಚಪ್ಪಟೆ ಕಡ್ಡಿಯಲ್ಲಿ ತೆಗಿ, ಬೆರಳು ಅದ್ದಿದರೆ ಇಡೀ ಡಬ್ಬಿ ಕೆಟ್ಟಿತು. ತೆಳ್ಳಗೆ ಹಚ್ಚು. ತರಚಿದ್ದು, ಸಣ್ಣದಾಗಿ ಕೊಯ್ದದ್ದು, ಅಂಗೈಗಿಂತ ಚಿಕ್ಕ ಸುಟ್ಟ ಗಾಯ, ಇಷ್ಟಕ್ಕೇ ಇದು. ಆಳವಾಗಿ ಸೀಳಿದ್ದು, ನಾಯಿ ಕಚ್ಚಿದ್ದು, ಒಳಗೆ ಏನೋ ಹೊಕ್ಕು ಕೂತದ್ದು ಬಂದರೆ ಮುಲಾಮಿನ ಮುಚ್ಚಳ ತೆಗೆಯಲೇಬೇಡ, ಆಸ್ಪತ್ರೆಗೆ ಕಳಿಸು. ಒಂದು ಗಾಯಕ್ಕೆ ಎರಡು ಮದ್ದು ಬೆರೆಸಬೇಡ. ವಾರವಾದರೂ ಮಾಯದಿದ್ದರೆ ಡಾಕ್ಟರಿಗೆ ತೋರಿಸು. ಮತ್ತೆ, ಕಂದು ಬಣ್ಣ ಮಾಸಿತೆಂದರೆ ಮದ್ದಿನ ಶಕ್ತಿ ಮುಗಿಯಿತು. ಇನ್ನೊಂದು ಸಲ ಹಚ್ಚು.

ಬೀರುವಿನ ಬಾಗಿಲ ಒಳಬದಿಗೆ ಡಾಕ್ಟರು ಬಣ್ಣದ ಕುಂಚದಲ್ಲಿ ಮೂರು ಪ್ರಶ್ನೆ ಬರೆದಿದ್ದರು. ಹಚ್ಚುವ ಮುಂಚೆ ಯಾರನ್ನಾದರೂ ಸರಿ, ಮೂರನ್ನೂ ಕೇಳಬೇಕು. ಹಿಂದೆ ಇದನ್ನ ಹಚ್ಚಿ ಮೈ ಕೆರೆದಿತ್ತಾ? ಕತ್ತಿನ ಗ್ರಂಥಿ, ಅಂದರೆ ಥೈರಾಯ್ಡ್, ಕಾಯಿಲೆ ಇದೆಯಾ? ಬಸುರಿಯಾ, ಹಾಲೂಡಿಸುತ್ತಿದ್ದೀಯಾ, ಎಳೆಗೂಸಿಗೆ ಹಚ್ಚೋದಾ?

ಮೂರನೆಯದು ಹೇಗೆ ಬಿಟ್ಟುಹೋಯಿತು ಎಂಬ ಕತೆಯನ್ನು ನಾನು ಚಿಕ್ಕಂದಿನಲ್ಲಿ ಹತ್ತಾರು ಸಲ ಕೇಳಿ ನಕ್ಕಿದ್ದೇನೆ. ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಗಂಡಸರು. ಅವಳು ಸ್ಟೂಲಿನ ಮೇಲೆ ಕೂತ ಮೊದಲ ವಾರ ದಪ್ಪ ಮೀಸೆಯವನೊಬ್ಬ ಬಂದ. ಮುಂದೆ ಕಿರುಬೆರಳಿನ ಅರ್ಧ ಪ್ರೆಸ್ಸಿಗೆ ಕೊಟ್ಟು ಒಂಬತ್ತೂವರೆ ಎನಿಸಿಕೊಂಡವನೇ ಇವನು. ಆಗಿನ್ನೂ ಪೂರ್ತಿ ಹತ್ತು ಬೆರಳಿತ್ತು, ಮೊಣಕೈ ತರಚಿತ್ತು. ದೊಡ್ಡಮ್ಮ ಬೀರುವಿನ ಬಾಗಿಲು ನೋಡಿಕೊಂಡು ಸಾಲಾಗಿ ಕೇಳಿದಳು. ಮೂರನೆಯದಕ್ಕೆ ಬಂದಾಗ ಅವನು ಹೊಟ್ಟೆ ಸವರಿಕೊಂಡು, "ಐದು ತಿಂಗಳಮ್ಮ. ಯಾಕೋ ಹುಳಿ ತಿನ್ಬೇಕು ಅನ್ಸುತ್ತೆ" ಅಂದ. ಹಿಂದೆ ನಿಂತ ನಾಲ್ಕು ಜನ ಗೋಡೆಗೆ ಒರಗಿ ನಕ್ಕರು. ತಿಂಗಳುಗಟ್ಟಲೆ ಆ ಕೋಣೆಗೆ ಬಂದವರೆಲ್ಲ ಸೊಂಟಕ್ಕೆ ಕೈಕೊಟ್ಟುಕೊಂಡೇ ಬಂದರು. "ಸುಸ್ತು ಕಣಮ್ಮ, ಕೂಸು ಒದೀತಿದೆ." ಹತ್ತೊಂಬತ್ತು ವರ್ಷದ ಹುಡುಗಿಗೆ ಅವಮಾನವಾಯಿತು. ಮೂರನೆಯ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಬೀರುವಿಗೆ ಹೊಸ ಬಣ್ಣ ಬಳಿಸಿದಾಗ ಬರವಣಿಗೆಯೂ ಹೋಯಿತು. ಆಮೇಲಿನ ವರ್ಷಗಳಲ್ಲಿ ಆ ಕೋಣೆಯೊಳಗೆ ಒಂದೇ ಒಂದು ಕೂಸು ಬರಲಿಲ್ಲ.

ಇನ್ನೊಂದು ಪದ್ಧತಿ ಅವಳೇ ಹುಟ್ಟುಹಾಕಿದ್ದು. ಕಾರ್ಖಾನೆಯಲ್ಲಿ ಮುಚ್ಚಳ ಸೊಟ್ಟಗಾದ ಪುಟ್ಟ ಡಬ್ಬಿಗಳನ್ನು ಮೂಲೆಗೆ ಎಸೆಯುತ್ತಿದ್ದರು. ಅವನ್ನು ಆರಿಸಿ, ಕುದಿಸಿ, ಒಣಗಿಸಿ, ಕಿಲೋ ಡಬ್ಬಿಯ ಮುಲಾಮು ತುಂಬಿ ಒಬ್ಬೊಬ್ಬರಿಗೂ ಮನೆಗೆ ಕೊಡುತ್ತಿದ್ದಳು. ಭಾನುವಾರ ಗಾಯವಾದರೆ ಯಾರ ಹತ್ತಿರ ಹೋಗುತ್ತಾರೆ, ಪಾಪ. ಮೇಲೆ ಹೆಸರಿಲ್ಲ, ಬರಹವಿಲ್ಲ, ಬರೀ ಹೊಳೆಯುವ ತಗಡು. ನಮ್ಮ ಬೀದಿಯ ಪ್ರತಿ ಮನೆಯ ಗೂಡಿನಲ್ಲೂ ಅಂಥದ್ದೊಂದು ಇತ್ತು. ನಿವೃತ್ತಿಯಾದ ಮೇಲೂ ಔಷಧದ ಅಂಗಡಿಯಿಂದ ದೊಡ್ಡ ಡಬ್ಬಿ ತಂದು ತುಂಬುವುದನ್ನು ಅವಳು ನಿಲ್ಲಿಸಲಿಲ್ಲ.

ನಾನು ಅವಳ ಹಾಗಲ್ಲ. ಪಟ್ಟಣದ ಹಾಸ್ಟೆಲಿನಲ್ಲಿಟ್ಟು ಓದಿಸಿದ್ದಕ್ಕೆ ಅವಳಿಗೆ ಸಿಕ್ಕಿದ್ದು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನೂ ಓದದೆ ತಿನ್ನದ ಒಬ್ಬ ಮಗಳು. "ಇವಳು ನೀರಿನ ಮೇಲೂ ತಾರೀಖು ಹುಡುಕ್ತಾಳೆ" ಎಂದು ನನ್ನ ಗಂಡನಿಗೆ ಹೇಳಿ ನಗುತ್ತಿದ್ದಳು.

ನನ್ನ ಮಗಳು ಐದು ವಾರ ಮುಂಚೆ ಹುಟ್ಟಿದಳು. ತೂಕ ಎರಡು ಕಿಲೋಗೆ ಸ್ವಲ್ಪ ಕಮ್ಮಿ. ಐದನೆಯ ದಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಥೈರಾಯ್ಡೂ ಸೇರಿ ಎಲ್ಲ ಸರಿ ಇದೆ ಎಂದರು. ಆ ಕಾಗದ ಇವತ್ತಿಗೂ ನನ್ನ ಹತ್ತಿರ ಇದೆ. ಅದೇ ವಾರ ದೊಡ್ಡಮ್ಮ ಒಂದು ಬಟ್ಟೆ ಚೀಲ ಹೊತ್ತು ನಮ್ಮ ಮನೆಗೆ ಬಂದಳು. ಎರಡು ಕೋಣೆಯ ಮನೆ, ಮೂರನೆಯ ಮಹಡಿ. ಬಂದವಳೇ ಕೈ ತೊಳೆದು, ಕೂಸನ್ನು ಎತ್ತಿ, "ಬೆಲ್ಲದಚ್ಚಿನಷ್ಟಿದ್ದಾಳಲ್ಲೇ" ಅಂದಳು. ನನಗೆ ಅವತ್ತು ಮೊದಲ ಸಲ ಜೀವ ಬಂದ ಹಾಗಾಯಿತು.

ಹನ್ನೆರಡನೆಯ ದಿನಕ್ಕೆ ಮಗುವಿನ ಲಂಗೋಟಿಯ ಜಾಗ ಕೆಂಪಾಯಿತು. ತೊಡೆಯ ಸಂದು, ಕುಂಡೆ, ಹೊಕ್ಕುಳ ಕೆಳಗಿನವರೆಗೂ. ಎರಡೇ ದಿನಕ್ಕೆ ಚರ್ಮ ಕಿತ್ತು ಬಂದು ಹಸಿಹಸಿಯಾಯಿತು. ಒರೆಸಿದರೆ ಕಿರುಚುತ್ತಿದ್ದಳು. ದೊಡ್ಡಮ್ಮ ಚೀಲದಿಂದ ತಗಡಿನ ಡಬ್ಬಿ ತೆಗೆದಳು.

"ಏನದು?" ಕೇಳಿದೆ.

"ನಿನ್ನ ಮೊಣಕಾಲಿಗೆ ಹತ್ತು ವರ್ಷ ಹಚ್ಚಿದ್ದು."

"ಕೂಸಿಗೆ ಪರವಾಗಿಲ್ವಾ?"

"ಮೂವತ್ತೊಂದು ವರ್ಷ ಪುಟ್ಟಿ. ಒಬ್ಬನಿಗೂ ಕೀವು ಆಗಕ್ಕೆ ಬಿಟ್ಟಿಲ್ಲ."

ಬರಹ ಹುಡುಕಲು ಡಬ್ಬಿಯನ್ನು ತಿರುಗಿಸಿದೆ. ಬರೀ ತಗಡು, ಅದರಲ್ಲಿ ನನ್ನದೇ ಮುಖ. ಎಲ್ಲದರ ಹಿಂಬದಿ ಓದುವವಳು ಅವತ್ತು ಓದಲು ಏನೂ ಇಲ್ಲದ್ದಕ್ಕೆ ಸುಮ್ಮನಾದೆ.

ಅವಳ ಕೆಲಸ ನೋಡುವಂಥದ್ದು. ಬೆಚ್ಚಗಿನ ನೀರು, ಒತ್ತಿ ಒಣಗಿಸುವುದು, ಕಡ್ಡಿಯಲ್ಲಿ ತೆಗೆದು ಬೆರಳ ತುದಿಯಿಂದ ತೆಳ್ಳಗೆ ಹರಡುವುದು. ಹಾಸಿಗೆಗೆ ಕಲೆಯಾಗದಿರಲಿ ಎಂದು ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಚಡ್ಡಿ. ಎರಡು ಗಂಟೆ ಬಿಟ್ಟು ಬಿಚ್ಚಿದರೆ ಕಂದು ಬಣ್ಣ ಮಾಸಿರುತ್ತಿತ್ತು.

"ನೋಡು, ಹೆಂಗೆ ಹೀರ್ಕೊಳ್ತಿದೆ. ದೊಡ್ಡವರ ಚರ್ಮ ಇಷ್ಟು ಕುಡಿಯಲ್ಲ. ಒಳ್ಳೇದೇ" ಅಂದಳು. ಮತ್ತೆ ಹಚ್ಚಿದಳು. ಬಣ್ಣ ಮಾಸಿತೆಂದರೆ ಮದ್ದು ಮುಗಿಯಿತು. ದಿನಕ್ಕೆ ಆರು ಸಲ, ಒಂದೊಂದು ದಿನ ಏಳು.

ಅದೇ ಸಮಯಕ್ಕೆ ನನ್ನ ಮೊಲೆತೊಟ್ಟು ಒಡೆದು ರಕ್ತ ಬರುತ್ತಿತ್ತು. ಹಾಲೂಡಿಸಲು ಕೂತರೆ ಕಣ್ಣಲ್ಲಿ ನೀರು. ಹೇಳಿಕೊಂಡರೆ ಮಗುವಿಗೆ ಡಬ್ಬಿ ಹಾಲು ಶುರು ಮಾಡಿಬಿಡುತ್ತಾರೆಂಬ ಭಯ. ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಆ ತಗಡಿನ ಡಬ್ಬಿಯ ಮುಚ್ಚಳ ತೆಗೆದು, ಬೆರಳು ಅದ್ದಿ ಹಚ್ಚಿಕೊಂಡೆ. ನಾಲ್ಕು ದಿನ. ಹಾಲು ಕೊಡುವ ಮುಂಚೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದೆ. ಒರೆಸಿದರೆ ಸಾಕೆಂದುಕೊಂಡಿದ್ದೆ.

ಮೂರನೆಯ ವಾರದಿಂದ ಮಗು ಅಳುವುದನ್ನು ಕಡಿಮೆ ಮಾಡಿತು. ಎಬ್ಬಿಸಿದರೆ ಎರಡು ಗುಟುಕು, ಮತ್ತೆ ನಿದ್ದೆ. ನೋಡಲು ಬಂದವರೆಲ್ಲ, "ಎಷ್ಟು ಒಳ್ಳೆ ಕೂಸಮ್ಮ, ತಾಯಿಗೆ ಒಂದು ಚೂರೂ ಕಷ್ಟ ಕೊಡಲ್ಲ" ಎಂದರು. ಒಂಬತ್ತೂವರೆಯೂ ಮೆಟ್ಟಿಲು ಹತ್ತಿ ಬಂದಿದ್ದ. "ಪಟ್ಟಿಯಮ್ಮ ಸಾಕಿದ ಮಕ್ಕಳೇ ಹಂಗೆ. ನಾವೂ ಪ್ರೆಸ್ಸಲ್ಲಿ ಬೆರಳು ಕೊಟ್ಟು ಗಪ್ ಚುಪ್ಪಾಗಿ ಕೂರ್ತಿದ್ವಿ" ಅಂದ. ಸಣ್ಣದಕ್ಕೂ ಹೆದರುವ ನಾನು ಆ ವಾರ ನೆಮ್ಮದಿಯಿಂದ ನಿದ್ದೆ ಮಾಡಿದೆ. ಈಗ ನೆನೆಸಿಕೊಂಡರೆ ಅದೇ ನನ್ನನ್ನು ಹೆಚ್ಚು ಹಿಂಸಿಸುತ್ತದೆ.

ಆಮೇಲೆ ಒಂದೊಂದೇ ಕಂಡಿತು. ಮೂರು ದಿನ ಮಲ ಇಲ್ಲ. ಕಣ್ಣಿನ ಹಳದಿ ಹೋಗಲೇ ಇಲ್ಲ. ಕೈಕಾಲು ಮುಟ್ಟಿದರೆ ತಣ್ಣಗೆ. ಇಪ್ಪತ್ತಾರನೆಯ ದಿನ ಬೆಳಿಗ್ಗೆ ಅಳಲು ಬಾಯಿ ತೆಗೆದಾಗ ದನಿ ಒಡಕಲು ಕೊಳವೆಯಿಂದ ಬಂದ ಹಾಗಿತ್ತು. ಮಗುವನ್ನು ಸುತ್ತಿಕೊಂಡು ನಾನೂ ದೊಡ್ಡಮ್ಮನೂ ಆಟೋ ಹತ್ತಿದೆವು.

ಮಕ್ಕಳ ಡಾಕ್ಟರಮ್ಮ ಲಂಗೋಟಿ ಬಿಚ್ಚಿದವರು ಕೈ ತಡೆದರು. "ಇದೇನು ಬಣ್ಣ?"

ದೊಡ್ಡಮ್ಮ ಡಬ್ಬಿ ಮುಂದಿಟ್ಟಳು. ಡಾಕ್ಟರಮ್ಮ ಮೂಸಿ ನೋಡಿದರು.

"ಅಯೋಡಿನ್ ಮುಲಾಮು. ಎಷ್ಟು ದಿನದಿಂದ ಹಚ್ತಿದ್ದೀರಿ?"

"ಇವತ್ತಿಗೆ ಹದಿಮೂರು ದಿನ. ದಿನಕ್ಕೆ ಆರು ಸಲ, ಗುರುವಾರ ಮತ್ತೆ ಶನಿವಾರ ಏಳು." ದೊಡ್ಡಮ್ಮ ನೆಟ್ಟಗೆ ನಿಂತು, ಹಾಜರಿ ಪುಸ್ತಕ ಓದುವಂತೆ ಹೇಳಿದಳು. ಅವಳ ಮುಖದಲ್ಲಿ ಇನ್ನೂ ಒಂದು ಬಗೆಯ ಬಿಗುಮಾನವಿತ್ತು. ಕೆಲಸ ಗೊತ್ತಿರುವವರ ನಡುವಿನ ಮಾತು ಇದು ಎಂಬಂತೆ.

"ಮುಚ್ಚಿ ಇಡ್ತಿದ್ರಾ?"

"ಪ್ಲಾಸ್ಟಿಕ್ ಚಡ್ಡಿ."

ಡಾಕ್ಟರಮ್ಮ ಕುರ್ಚಿಯಲ್ಲಿ ಕೂತರು. ಬೈಯಲಿಲ್ಲ. ಮೆಲ್ಲಗೆ, ಇಬ್ಬರಿಗೂ ಅರ್ಥವಾಗುವಂತೆ ಹೇಳಿದರು. ದೊಡ್ಡವರ ಸಣ್ಣ ಗಾಯಕ್ಕೆ ಇದು ಒಳ್ಳೆಯ ಮುಲಾಮು. ಎಳೆಗೂಸಿನ ಚರ್ಮ ಹಾಗಲ್ಲ, ಅದರಲ್ಲೂ ದಿನ ತುಂಬದೆ ಹುಟ್ಟಿದ ಕೂಸಿನದು, ಅದರಲ್ಲೂ ಕಿತ್ತುಹೋದ ಚರ್ಮ. ಹಚ್ಚಿದ್ದೆಲ್ಲ ಮೈಯೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಮುಚ್ಚಿದರೆ ಇನ್ನೂ ಹೆಚ್ಚು. ಅಯೋಡಿನ್ ಅತಿಯಾದರೆ ಕತ್ತಿನ ಗ್ರಂಥಿ ಕೆಲಸ ನಿಲ್ಲಿಸಿಬಿಡಬಹುದು. ಈ ವಯಸ್ಸಿನಲ್ಲಿ ಮಿದುಳು ಬೆಳೆಯುವುದಕ್ಕೆ ಆ ಗ್ರಂಥಿಯೇ ಬೇಕು.

"ಬಣ್ಣ ಹೋಗ್ತಿತ್ತಲ್ಲ" ಅಂದಳು ದೊಡ್ಡಮ್ಮ. "ಬಣ್ಣ ಹೋಗ್ತಿತ್ತು ಅಂತ..."

"ಒರೆಸಿಕೊಂಡು ಹೋದದ್ದು ಸ್ವಲ್ಪ. ಮಿಕ್ಕಿದ್ದು ಇವಳ ಒಳಗೇ ಹೋಗ್ತಿತ್ತು, ಅಮ್ಮ."

ರಕ್ತಕ್ಕೆ ಚೀಟಿ ಮಾಡಿಸಲು ದೊಡ್ಡಮ್ಮ ಹೊರಗೆ ಹೋದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ನೀವು ಎಲ್ಲಾದ್ರೂ ಹಚ್ಕೊಂಡಿದ್ರಾ? ಹಾಲಲ್ಲೂ ಹೋಗುತ್ತೆ" ಅಂದರು. ಹೇಳಿದೆ. ಬರೆದುಕೊಂಡರು. "ಇನ್ನು ಬೇಡ. ತೊಟ್ಟಿಗೆ ಬೇರೆ ಬರ್ಕೊಡ್ತೀನಿ" ಅಂದರು, ಅಷ್ಟೇ. ದೊಡ್ಡಮ್ಮ ಚೀಟಿ ಹಿಡಿದು ವಾಪಸು ಬಂದಾಗ ನಾನು ಆ ಮಾತು ಎತ್ತಲಿಲ್ಲ.

ಮರುದಿನ ಫಲಿತಾಂಶ ಬಂತು. ಗ್ರಂಥಿ ಮಲಗಿತ್ತು. ಇಪ್ಪತ್ತೇಳು ದಿನದ ಕೂಸಿಗೆ ಮಾತ್ರೆ ಬರೆದರು. ಅದರ ಒಂದು ಚೂರನ್ನು ಪುಡಿ ಮಾಡಿ, ನನ್ನ ಹಾಲಿನಲ್ಲಿ ಕಲಸಿ, ಚಮಚದಲ್ಲಿ ಬೆಳಿಗ್ಗೆ ಕೊಡಬೇಕು. ಎರಡು ವಾರಕ್ಕೊಮ್ಮೆ ರಕ್ತ. ಬಹಳ ಮಕ್ಕಳಲ್ಲಿ ಸರಿಹೋಗುತ್ತದೆ ಎಂದರು. ಇವಳಲ್ಲೂ ಹೋಗುತ್ತದಾ ಎಂದು ಕೇಳಿದರೆ, ನೋಡೋಣ ಎಂದರು.

ಆಸ್ಪತ್ರೆಯ ಪಡಸಾಲೆಯಲ್ಲಿ, ಜನರ ಎದುರಿಗೇ, ನಾನು ದೊಡ್ಡಮ್ಮನ ಮೇಲೆ ಹರಿಹಾಯ್ದೆ. "ಏನೂ ಓದದೆ, ಏನೂ ಕೇಳದೆ ಬಳ್ಕೊಂಡು ಕೂತೆ. ಇನ್ನೆಷ್ಟು ಮನೇಲಿ ಹಿಂಗೆ ಮಾಡಿದ್ದೀಯೋ. ಇನ್ಮೇಲೆ ನನ್ನ ಮಗುನ ಮುಟ್ಟಬೇಡ."

ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಮನೆಗೆ ಬಂದ ಮೇಲೆ ಚೀಲದ ತಳದಿಂದ ಔಷಧದ ಅಂಗಡಿಯ ದೊಡ್ಡ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು.

"ಇದರ ಮೇಲೆ ಏನಿದೆ, ಓದು. ನನ್ನ ಕಣ್ಣಿಗೆ ಇರುವೆ ಸಾಲು ಥರ ಕಾಣುತ್ತೆ."

ಓದಿದೆ. ಹೊರಗೆ ಹಚ್ಚಲು ಮಾತ್ರ. ದೊಡ್ಡ ಗಾಯಕ್ಕೆ, ಆಳದ ಗಾಯಕ್ಕೆ, ಬಹಳ ದಿನ ಬೇಡ. ಥೈರಾಯ್ಡ್ ಕಾಯಿಲೆಯವರು, ಬಸುರಿಯರು, ಹಾಲೂಡಿಸುವವರು ವೈದ್ಯರನ್ನು ಕೇಳದೆ ಬಳಸಬಾರದು. ನವಜಾತ ಶಿಶುಗಳಿಗೆ ಬೇಡ. ಹಾಲೂಡಿಸುವವರು ಎಂಬಲ್ಲಿ ನನ್ನ ನಾಲಿಗೆ ತಡವರಿಸಿತು.

"ಕೊನೇದು ಇನ್ನೊಂದ್ಸಲ ಓದು."

ಓದಿದೆ. ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಹೋದಳು. ತಗಡಿನ ಡಬ್ಬಿಯನ್ನೂ ತೆಗೆದುಕೊಂಡು ಹೋದಳು. ನಾನು ತಡೆಯಲಿಲ್ಲ.

ಮಗುವಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಓದುವ ತಾಯಂದಿರಿಗೆ ಅದೇ ಚಿಂತೆ ಇರುತ್ತದೆ. ಐದನೆಯ ತಿಂಗಳಿಗೆ ಮಾತ್ರೆ ನಿಂತಿತು. ಈಗ ಹನ್ನೊಂದು ತಿಂಗಳು, ರಕ್ತ ಸರಿಯಾಗಿದೆ. ಕೂರುವುದು ತಡವಾಯಿತು. ಹೆಸರು ಕೂಗಿದರೆ ತಿರುಗುವುದೂ ತಡವಾಯಿತು. ದಿನ ತುಂಬದೆ ಹುಟ್ಟಿದ್ದಕ್ಕೋ, ಆ ಎರಡು ವಾರಕ್ಕೋ, ಯಾವ ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ನಾನು ದಿನಕ್ಕೆ ಇಪ್ಪತ್ತು ಸಲ ಕೂಗಿ ನೋಡುತ್ತೇನೆ.

ದೊಡ್ಡಮ್ಮ ಹೋಗಿ ಆರು ವಾರ ನಾನು ಅವಳನ್ನು ವಿಚಾರಿಸಲಿಲ್ಲ. ಮಾತ್ರೆ, ತೂಕ, ರಕ್ತ, ಇದರಲ್ಲೇ ದಿನ ಹೋಯಿತು ಎಂದು ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅವಳ ಮುಖ ನೋಡಿದರೆ ನನ್ನ ಪಾಲಿನದನ್ನೂ ಹೇಳಬೇಕಾಗುತ್ತಿತ್ತು. ತಪ್ಪೆಲ್ಲ ಒಬ್ಬರ ತಲೆಯ ಮೇಲಿದ್ದರೆ ಮನೆಯಲ್ಲಿ ಓಡಾಡುವುದು ಸುಲಭ.

ಒಂದು ಮಧ್ಯಾಹ್ನ ಒಂಬತ್ತೂವರೆ ಬಂದ. ಎಂದಿನಂತೆ ತಮಾಷೆಯಿಂದಲೇ ಶುರುಮಾಡಿದ.

"ನಿಮ್ಮ ದೊಡ್ಡಮ್ಮ ಕಳ್ಳತನಕ್ಕೆ ಇಳಿದಿದ್ದಾಳೆ ತಾಯಿ. ಬೀದೀಲಿ ಮನೆಮನೆಗೂ ನುಗ್ಗಿ ಮುಲಾಮಿನ ಡಬ್ಬಿ ಕಿತ್ಕೊಂಡು ಹೋಗ್ತಿದ್ದಾಳೆ. ನನ್ನ ಗೂಡಲ್ಲಿದ್ದದ್ದೂ ಹೋಯ್ತು. ಬಾಗಿಲಲ್ಲಿ ನಿಂತು, 'ಮನೇಲಿ ಎಳೆಗೂಸಿದೆಯಾ? ಬಸುರಿ ಇದ್ದಾಳಾ?' ಅಂತ ಕೇಳ್ತಾಳೆ. ನಾನೂ ನನ್ನ ಹೆಂಡ್ತಿನೂ ಸೇರಿ ನೂರಮೂವತ್ತು ವರ್ಷ. 'ಯೋಚನೆ ಮಾಡಿ ಹೇಳ್ತೀನಿ' ಅಂದೆ. ಅವಳು ನಗ್ಲಿಲ್ಲ."

ನಾನೂ ನಗಲಿಲ್ಲ. ಅವನು ಮೀಸೆ ಒರೆಸಿಕೊಂಡ.

"ಅದಿರಲಿ. ಬಲಗೈಗೆ ಬಟ್ಟೆ ಸುತ್ಕೊಂಡಿದ್ದಾಳೆ. ತೋರ್ಸು ಅಂದ್ರೆ ತೋರಿಸಲ್ಲ. ವಾಸನೆ ಬರ್ತಿದೆ, ತಾಯಿ. ನನಗೆ ಆ ವಾಸನೆ ಗೊತ್ತು, ಪ್ರೆಸ್ಸಲ್ಲಿ ಇದ್ದವನು. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು."

ಮಗುವನ್ನು ಗಂಡನ ಕೈಗೆ ಕೊಟ್ಟು ಅವನ ಹಿಂದೆಯೇ ಹೊರಟೆ.

ದೊಡ್ಡಮ್ಮನ ಕೋಣೆಯ ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ತಗಡಿನ ಡಬ್ಬಿಗಳು, ಹತ್ತಹತ್ತರ ಸಾಲು. ಕಿಟಕಿಯ ಬೆಳಕಿಗೆ ಕಣ್ಣು ಕುಕ್ಕುತ್ತಿದ್ದವು. ಅವಳು ಗೋಡೆಗೊರಗಿ ಕೂತಿದ್ದಳು.

"ಎಂಬತ್ತನಾಲ್ಕು ಸಿಕ್ತು" ಅಂದಳು, ನಾನು ನಿನ್ನೆ ತಾನೇ ಬಂದು ಹೋದವಳು ಎಂಬಂತೆ. "ಹನ್ನೊಂದು ಬಾಕಿ. ಇಬ್ಬರು ಮನೆ ಬಿಟ್ಟಿದ್ದಾರೆ. ಒಬ್ಬ ತೀರ್ಕೊಂಡ. ಕೂಸು ಹೇಗಿದೆ?"

"ಪರವಾಗಿಲ್ಲ. ಕೈ ತೋರ್ಸು."

"ಏನಿಲ್ಲ ಬಿಡೇ."

"ತೋರ್ಸು ದೊಡ್ಡಮ್ಮ."

ಬಟ್ಟೆ ಬಿಚ್ಚಿದೆ. ಉಗುರಿನ ಸುತ್ತಲ ಆ ಕಂದು ಗೆರೆಯನ್ನು ಅವಳು ತೆಗೆಯಲು ಹೊರಟಿದ್ದಳು. ಬ್ಲೀಚಿಂಗ್ ಪುಡಿ, ಪಾತ್ರೆ ಉಜ್ಜುವ ತಂತಿಯ ಉಂಡೆ. ಮೂರು ದಿನ ಉಜ್ಜಿದಳಂತೆ. ಬಣ್ಣದ ಜೊತೆ ಚರ್ಮವೂ ಹೋಯಿತು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಬೆರಳು ಊದಿ ಹೊಳೆಯುತ್ತಿತ್ತು, ತುದಿ ಕಪ್ಪಾಗಿತ್ತು.

"ಇದಕ್ಕೆ ಏನು ಹಚ್ಚಿದೆ?"

"ಏನೂ ಹಚ್ಚಿಲ್ಲ."

"ತೊಳೆದಾದ್ರೂ..."

"ಏನೂ ಮಾಡಿಲ್ಲ."

ಹಿಂದೆ ನಿಂತಿದ್ದ ಒಂಬತ್ತೂವರೆಗೆ ಸಿಟ್ಟು ಬಂತು. "ಬುದ್ಧಿ ನೆಟ್ಟಗಿದೆಯೇನಮ್ಮ ನಿನಗೆ? ನಾನು ಅರ್ಧ ದಿನ ತಡ ಮಾಡಿ ಬಂದದ್ದಕ್ಕೆ ಇಡೀ ಪ್ರೆಸ್ಸಿಗೆ ಕೇಳೋ ಹಾಗೆ ಬೈದಿದ್ದೆ. ಮರ್ತೋಯ್ತಾ?"

"ನೆನಪಿದೆ" ಅಂದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕೀವು ಮೂಳೆಗೆ ಇಳಿದಿತ್ತು. ಎರಡು ವಾರ ಮುಂಚೆ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಮರುದಿನ ಎರಡು ಗೆಣ್ಣು ತೆಗೆದರು. ಒಂಬತ್ತೂವರೆ ಬಂದು ಮಂಚದ ಪಕ್ಕ ಕೂತು, ತನ್ನ ಮೊಂಡು ಕಿರುಬೆರಳನ್ನು ಅವಳ ಪಟ್ಟಿಯ ಪಕ್ಕ ಹಿಡಿದು, "ನನ್ನದಕ್ಕಿಂತ ನಿನ್ನದೇ ಗಿಡ್ಡ. ಎಲ್ಲದರಲ್ಲೂ ಮೇಲಾಟ ನಿನಗೆ" ಅಂದ. ಅವಳ ತುಟಿ ಸ್ವಲ್ಪ ಅಲುಗಿತು. ಅವನು ಹೊರಗೆ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕೂತು ಅತ್ತ.

ಮೂರನೆಯ ದಿನ ಪಟ್ಟಿ ಬದಲಾಯಿಸಲು ಬೇರೆ ನರ್ಸು ಬಂದಳು. ಇನ್ನೂ ಚಿಕ್ಕವಳು, ಕೆಲಸಕ್ಕೆ ಹೊಸಬಳು. ತಟ್ಟೆಯಲ್ಲಿ ಗಾಜ್ ಬಟ್ಟೆ, ಚಿಮಟ, ಒಂದು ಟ್ಯೂಬು. ಟ್ಯೂಬಿನ ಬಾಯಲ್ಲಿ ಕಂದು ಬಣ್ಣ ಕಂಡದ್ದೇ ದೊಡ್ಡಮ್ಮ ಕೈ ಎಳೆದುಕೊಂಡಳು.

"ಉರಿಯಲ್ಲ ಅಜ್ಜಿ. ಹೊಲಿಗೆ ಮೇಲೆ ಒಂಚೂರು ಅಷ್ಟೇ. ಮೊದಲು ಕೇಳ್ಬಿಡ್ತೀನಿ. ಹಿಂದೆ ಅಯೋಡಿನ್ ಹಚ್ಚಿ ತುರಿಕೆ, ಗುಳ್ಳೆ ಆಗಿತ್ತಾ?"

"ಇಲ್ಲ."

"ಥೈರಾಯ್ಡ್ ತೊಂದರೆ ಇದೆಯಾ?"

"ಇಲ್ಲ."

ನರ್ಸು ಕೈಯಲ್ಲಿದ್ದ ಕಾಗದ ನೋಡಿಕೊಂಡು ಮುಂದುವರಿಸಿದಳು. "ಬಸುರಿಯಾ? ಮಗುವಿಗೆ ಹಾಲು ಕೊಡ್ತಿದ್ದೀರಾ?"

ಪಕ್ಕದ ಮಂಚದ ಹೆಂಗಸು ಫಕ್ಕನೆ ನಕ್ಕಳು. "ಅರವತ್ತೈದು ದಾಟಿದವರನ್ನ ಏನಂತ ಕೇಳ್ತೀಯೇ, ಹುಡುಗಿ?"

ನರ್ಸಿನ ಕೆನ್ನೆ ಕೆಂಪಾಯಿತು. ಆದರೂ, "ಎಲ್ಲರನ್ನೂ ಕೇಳ್ಬೇಕು ಅಂದಿದ್ದಾರೆ" ಅಂದಳು.

"ನಗಬೇಡಿ" ಅಂದಳು ದೊಡ್ಡಮ್ಮ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಎಷ್ಟೋ ದಿನದ ಮೇಲೆ. ಅವಳು ನರ್ಸಿನ ಮುಖವನ್ನೇ ನೋಡುತ್ತ, "ಕೇಳಮ್ಮ. ಯಾರೇ ನಕ್ಕರೂ ಕೇಳು, ಬಿಡಬೇಡ. ನಾನು ಹಾಲು ಕೊಡ್ತಿಲ್ಲ. ಇವಳು ಕೊಡ್ತಾಳೆ" ಎಂದು ನನ್ನ ಕಡೆ ಗಲ್ಲ ಎತ್ತಿ ತೋರಿಸಿದಳು. "ಇವಳ ಕೈಗೆ ತಾಗದ ಹಾಗೆ ಹಚ್ಚು."

ನರ್ಸು ಹೊಲಿಗೆಯ ಮೇಲೆ ಮುಲಾಮು ಇಡುವಾಗ ನಾನು ಹೇಳಿಬಿಟ್ಟೆ.

"ನಾನೂ ಹಚ್ಕೊಂಡಿದ್ದೆ, ದೊಡ್ಡಮ್ಮ. ಎದೆಗೆ. ನಾಲ್ಕು ದಿನ. ನೀನು ಸ್ನಾನಕ್ಕೆ ಹೋದಾಗ."

"ಗೊತ್ತು."

"ಹೇಗೆ?"

"ಡಬ್ಬಿಯಲ್ಲಿ ಬೆರಳಿನ ಗುಳಿ ಇತ್ತು. ನಾನು ಕಡ್ಡಿಯಲ್ಲಿ ತೆಗೆಯೋಳು." ನರ್ಸಿನ ಕೈಯ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು. "ಅವತ್ತು ಡಾಕ್ಟರಮ್ಮನ ಮುಂದೆ ಡಬ್ಬಿ ತೆಗೆದಾಗ ಹೊಳೀತು, ಹಾಲೂಡಿಸುವಾಗ ನೀನು ಕಣ್ಣೊರೆಸಿಕೊಳ್ತಿದ್ದದ್ದು ಯಾಕೆ ಅಂತ. ನೀನು ಹೆರಿಗೆಯ ಹೊಲಿಗೆಗೇನೋ ಹಚ್ಕೊಂಡಿರ್ತೀಯ ಅಂದ್ಕೊಂಡಿದ್ದೆ ಅಲ್ಲೀವರೆಗೆ."

"ಪಡಸಾಲೇಲಿ ನಾನು ಅಷ್ಟು ಬೈಯೋವಾಗ ಯಾಕೆ ಹೇಳ್ಲಿಲ್ಲ?"

"ತೆಳ್ಳಗೆ" ಅಂದಳು ನರ್ಸಿಗೆ. "ಇನ್ನೂ ತೆಳ್ಳಗೆ. ಹಾಂ, ಸಾಕು."

ನರ್ಸು ಗಾಜ್ ಬಟ್ಟೆ ಸುತ್ತಿ, ಗಂಟು ಹಾಕಿ, ತಟ್ಟೆ ಎತ್ತಿಕೊಂಡು ಮುಂದಿನ ಮಂಚಕ್ಕೆ ಹೋದಳು. ಅಲ್ಲಿಯೂ ಮೊದಲಿಂದ ಕೇಳತೊಡಗಿದ್ದು ನಮಗೆ ಕೇಳಿಸುತ್ತಿತ್ತು. ದೊಡ್ಡಮ್ಮ ಆ ಕಡೆಗೇ ಕಿವಿಯಿಟ್ಟು, ಮೂರನೆಯದೂ ಆಗುವವರೆಗೆ ಕಾದಳು. ಆಮೇಲೆ ನನ್ನ ಮಾತಿಗೆ ಉತ್ತರ ಕೊಟ್ಟಳು.

"ನಿನ್ನನ್ನ ಕೇಳಬೇಕಾಗಿದ್ದವಳು ನಾನು. ಕೇಳಲಿಲ್ಲ."